ಪೂಜೆಗೆ ಮುಂಚಿನ ಮಾತ್ರೆ

...ಅಥವಾ ಅದು ಬಲಗಿವಿಯೇ ಇರಬಹುದು. ಇಷ್ಟು ವರ್ಷ ಎಡಗಿವಿ ಎಂದೇ ಹೇಳಿಕೊಂಡು ಬಂದಿದ್ದೇನೆ, ಕೇಳಿದವರಿಗೆಲ್ಲ ಎಡಗಿವಿಯನ್ನೇ ಮುಟ್ಟಿ ತೋರಿಸಿದ್ದೇನೆ. ಈಗ ಬರೆಯಲು ಕೂತಾಗ ಕಣ್ಣಿಗೆ ಬರುವ ಚಿತ್ರದಲ್ಲಿ ಮಾತ್ರ ನಾನು ಬಲಗೈಯ ಕಿರುಬೆರಳನ್ನು ಕಿವಿಗೆ ತುರುಕಿಕೊಂಡು ವಿಜಯನಗರದ ಬಾಡಿಗೆ ಮನೆಯ ಹಿತ್ತಿಲಲ್ಲಿ ನಿಂತಿದ್ದೇನೆ, ನಲ್ಲಿಯ ಕೆಳಗೆ ಬಕೆಟ್ಟು ತುಂಬಿ ಹರಿಯುತ್ತಿದೆ. ಬಲಗೈಯ ಬೆರಳು ಎಡಗಿವಿಗೆ ಯಾಕೆ ಹೋಗುತ್ತದೆ? ಎರಡರಲ್ಲಿ ಒಂದು ಸುಳ್ಳು. ಬಕೆಟ್ಟೂ ಸುಳ್ಳಿರಬಹುದು. ನನ್ನ ನೆನಪಿಗೆ ಖಾಲಿ ಜಾಗ ಕಂಡರೆ ಆಗುವುದಿಲ್ಲ, ಅಲ್ಲೊಂದು ಬಕೆಟ್ಟು ತಂದಿಟ್ಟುಬಿಡುತ್ತದೆ.

ಸದ್ದು ಸುಳ್ಳಲ್ಲ. ಎಪ್ಪತ್ತರ ದಶಕದ ನಡುವಿನ ಯಾವುದೋ ವರ್ಷ ಅದು ಶುರುವಾಯಿತು. ಟ್ರಾನ್ಸಿಸ್ಟರಿನಲ್ಲಿ ಕಾರ್ಯಕ್ರಮ ಮುಗಿದು, ಎಲ್ಲರೂ ಎದ್ದುಹೋದ ಮೇಲೂ ಒಂದು ತೆಳ್ಳಗಿನ ಕುಂಯ್ ಉಳಿಯುತ್ತದಲ್ಲ, ಅಂಥದ್ದು. ನಮ್ಮ ಮನೆಯ ಹಿಂಗೋಡೆಗೆ ಅಂಟಿಕೊಂಡೇ ಒಂದು ಲೇತ್ ಶೆಡ್ಡಿತ್ತು. ಸದ್ದು ಅಲ್ಲಿಂದಲೇ ಬರುತ್ತಿದೆ ಎಂದುಕೊಂಡಿದ್ದೆ. ಒಂದು ಭಾನುವಾರ ಶೆಡ್ಡಿಗೆ ಬೀಗ ಬಿದ್ದಿತ್ತು, ಬೀದಿ ತಣ್ಣಗಿತ್ತು. ಕುಂಯ್ ಹಾಗೇ ಇತ್ತು. ಆ ಹೊತ್ತಿಗೆ ನಾನು ಏನು ಮಾಡುತ್ತಿದ್ದೆ ಎಂಬುದು ನೆನಪಿಲ್ಲ. ಹೊರಗೆ ಎಲ್ಲೂ ಇಲ್ಲದ್ದು ಒಳಗಿದೆ ಎಂದು ಹೊಳೆದದ್ದು ಮಾತ್ರ ನೆನಪಿದೆ.

ಬೇರೆ ಕಾಲದಲ್ಲಾಗಿದ್ದರೆ ಇಷ್ಟು ಹೆದರುತ್ತಿರಲಿಲ್ಲವೋ ಏನೋ. ಆಗಷ್ಟೇ ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸಕ್ಕೆ ಆಯ್ಕೆಯಾಗಿದ್ದೆ. ಬಾಕಿ ಇದ್ದದ್ದು ಮೆಡಿಕಲ್ ಪರೀಕ್ಷೆ ಒಂದೇ. ಅದರಲ್ಲಿ ಕಿವಿ ನೋಡುತ್ತಾರೆ. ಪಾಸಾದರೆ ದಿನಾ ಬೆಳಿಗ್ಗೆ ಬಸ್ಸು ಹತ್ತಿ ಈ ಮನೆಯಿಂದ ಆಚೆ ಹೋಗಬಹುದು. ಇಲ್ಲದಿದ್ದರೆ ಬಿ.ಎ. ಮುಗಿಸಿದ ಮೇಲೆ ಹೇಗೆ ಕೂತಿದ್ದೆನೋ ಹಾಗೇ ಕೂತಿರಬೇಕು, ಅಕ್ಕಿ ಆರಿಸುತ್ತಾ, ಯಾರಾದರೂ ಬಂದು ನೋಡಿಕೊಂಡು ಹೋಗುವವರೆಗೆ.

ಮನೆಯಲ್ಲಿ ನಾವು ಮೂವರು ಹೆಂಗಸರು. ಅಮ್ಮ, ನಾನು, ಅಪ್ಪನ ಅಕ್ಕ ದೊಡ್ಡತ್ತೆ. ದೊಡ್ಡತ್ತೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಬಂದು ಅಪ್ಪನನ್ನು ಸಾಕಿದವಳು. ನಾವು ಚಿತ್ರದುರ್ಗದ ಕಡೆಯವರು. ಬೆಂಗಳೂರಿನಲ್ಲೇ ನೆಲೆ ನಿಲ್ಲೋಣವೆಂದು ಅಪ್ಪ ಎಲ್ಲರನ್ನೂ ಇಲ್ಲಿಗೆ ಕರೆತಂದರು, ಮರುವರ್ಷವೇ ಅವರನ್ನು ಮತ್ತೆ ಆ ಕಡೆಗೇ ವರ್ಗ ಮಾಡಿದರು. ತಿಂಗಳಿಗೊಮ್ಮೆ ಬರುತ್ತಿದ್ದರು. ಅಕ್ಕನ ಮಾತನ್ನು ಅಪ್ಪ ತೆಗೆದುಹಾಕಿದ್ದು ನಾನು ಕಾಣೆ.

ಕಿವಿಯ ವಿಷಯ ಮೊದಲು ಹೇಳಿದ್ದು ಅಮ್ಮನಿಗೆ. ಅವಳು ಕೂಡಲೇ ಬಾಗಿಲ ಕಡೆ ನೋಡಿದಳು, ದೊಡ್ಡತ್ತೆ ಹತ್ತಿರದಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡಳು.

"ನಿಶ್ಶಕ್ತಿ ಕಣೇ ಅದು. ಸರಿಯಾಗಿ ಊಟ ಮಾಡಲ್ಲ, ಏನಿಲ್ಲ. ನಿಮ್ಮ ಭಾವಂಗೆ ಹೇಳಿಕಳಿಸ್ತೀನಿ, ಸುಮ್ನಿರು."

ಭಾವ, ನನ್ನ ಅಕ್ಕನ ಗಂಡ, ಔಷಧಿ ಕಂಪನಿಯೊಂದರ ರೆಪ್. ರಾಜಾಜಿನಗರದಲ್ಲಿ ಅಕ್ಕನ ಜೊತೆ ಮನೆ ಮಾಡಿದ್ದರು. ಟೈ ಕಟ್ಟಿಕೊಂಡು, ಚರ್ಮದ ದೊಡ್ಡ ಬ್ಯಾಗನ್ನು ಸ್ಕೂಟರಿನ ಕಾಲಿನ ಜಾಗದಲ್ಲಿಟ್ಟುಕೊಂಡು ಓಡಾಡುತ್ತಿದ್ದರು. ಡಾಕ್ಟರುಗಳಿಗೆ ಹಂಚಿ ಉಳಿದ ಸ್ಯಾಂಪಲ್ಲುಗಳು ನಮ್ಮ ನೆಂಟರಿಷ್ಟರ ಮನೆಗಳಲ್ಲೆಲ್ಲ ಇದ್ದವು. ನಮ್ಮ ಬಂಧುಬಳಗದಲ್ಲಿ ಯಾರಿಗೇ ಏನೇ ಆದರೂ ಮೊದಲು ಗುಣಪಡಿಸುವ ಪ್ರಯತ್ನ ಆ ಬ್ಯಾಗಿನದು.

"ಏನಮ್ಮಾ, ಕಿವಿಯೊಳಗೆ ರೇಡಿಯೋ ಇಟ್ಕೊಂಡಿದೀಯಂತೆ? ಲೈಸೆನ್ಸ್ ತಗೊಂಡಿದೀಯಾ?"

"ತಮಾಷೆ ಬೇಡ ಭಾವ."

"ಇಲ್ಲಮ್ಮ, ಇಲ್ಲ. ನರದ ವೀಕ್‌ನೆಸ್ಸು ಅದು. ಬಿ ಕಾಂಪ್ಲೆಕ್ಸ್ ಬಿದ್ರೆ ತಾನಾಗೇ ನಿಲ್ಲತ್ತೆ."

"ಕಿವಿ ಡಾಕ್ಟರಿಗೆ ತೋರಿಸೋದು ಬೇಡ್ವಾ?"

"ಅವರು ಬರೆಯೋದೂ ಇದನ್ನೇ. ಇದನ್ನೇ ಬರೀರಿ ಅಂತ ಅವರ ಹತ್ರ ಹೋಗಿ ಹೇಳೋನು ನಾನೇ ತಾನೇ?"

ಅಮ್ಮ ಮಧ್ಯೆ ಬಾಯಿ ಹಾಕಿದಳು. "ಡಾಕ್ಟರು ಗೀಕ್ಟರು ಬೇಡವೇ ಬೇಡ. ಮೆಡಿಕಲ್ಲಿಗೆ ಮುಂಚೆ ಹುಡುಗಿ ಕಿವಿ ಹಿಡ್ಕೊಂಡು ಓಡಾಡ್ತಾ ಇದ್ಳು ಅಂತ ಗೊತ್ತಾದ್ರೆ ಮುಗೀತಲ್ಲ!"

ಹೀಗೆ ನನ್ನ ಕಿವಿಗೆ ವಿಟಮಿನ್ನುಗಳು ಶುರುವಾದವು. ಕಂದು ಬಣ್ಣದ ಬಿ ಕಾಂಪ್ಲೆಕ್ಸ್ ಗುಳಿಗೆ, ತೇಗಿದರೆ ಹಳೆಯ ಹಿಟ್ಟಿನ ವಾಸನೆ. ಅದನ್ನು ನುಂಗಿದ ಮರುದಿನ ಮೂತ್ರ ಅರಿಶಿನ ಕದಡಿದಂತೆ ಹೋಯಿತು, ಅಮ್ಮ ಕಾಮಾಲೆ ಎಂದು ಕಣ್ಣಿನ ರೆಪ್ಪೆ ಎತ್ತಿ ನೋಡಿದಳು. ಆಮೇಲೆ ಕಬ್ಬಿಣದ ಟಾನಿಕ್ಕು ಬಂತು, ಹಲ್ಲು ಕಪ್ಪಾಯಿತು. ಜೇನುಬಣ್ಣದ ಕ್ಯಾಪ್ಸೂಲುಗಳು ಬಂದವು. ಅಮ್ಮ ಒಂದನ್ನು ಬೆಳಕಿಗೆ ಹಿಡಿದು ಕೇಳಿದಳು.

"ಇದೆಂಥ ಎಣ್ಣೆ?"

"ಎ ವಿಟಮಿನ್ ಎಣ್ಣೆ ಅತ್ತೇರೇ."

"ಯಾವ ಗಿಡದ್ದು?"

ಭಾವ ಟೈ ಸಡಿಲ ಮಾಡಿಕೊಂಡರು. "ಸಮುದ್ರದ ಕಡೆ ಬೆಳೆಯತ್ತೆ."

ಅಮ್ಮ ಅಳಿಯನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಆ ಕ್ಯಾಪ್ಸೂಲುಗಳನ್ನು ನಾನು ಮತ್ತೆ ಕಾಣಲಿಲ್ಲ.

ಸದ್ದು ನಿಲ್ಲಲಿಲ್ಲ. ನಿಂತಿದೆಯೋ ಇಲ್ಲವೋ ನೋಡುವುದೇ ದೊಡ್ಡ ಹಿಂಸೆಯಾಯಿತು. ದಿನಾ ಬೆಳಿಗ್ಗೆ ಅಮ್ಮ ಪಿಸುಗುಟ್ಟುತ್ತಿದ್ದಳು, "ಇವತ್ತು ಹೇಗಿದೆ?" ಉತ್ತರ ಹೇಳಬೇಕಾದರೆ ಕಿವಿಗೊಡಬೇಕು. ಕಿವಿಗೊಟ್ಟರೆ ಅದು ಇರುತ್ತದೆ. ಕಿವಿಗೊಡದೆ ಇದ್ದ ಕ್ಷಣಗಳಲ್ಲಿ ಅದು ಇರಲಿಲ್ಲವೇ? ಆ ಕ್ಷಣಗಳಿಂದ ಸುದ್ದಿ ತರುವವರು ಯಾರು? ನನಗೆ ಆಗ ತಿಳಿದಿದ್ದ ಒಂದೇ ಉಪಾಯವೆಂದರೆ ಅದಕ್ಕಿಂತ ದೊಡ್ಡ ಗಲಾಟೆಯ ಹತ್ತಿರ ಹೋಗಿ ನಿಲ್ಲುವುದು. ಮಾಗಡಿ ರಸ್ತೆಯ ದಿಣ್ಣೆಯಲ್ಲಿ ಸಿಟಿ ಬಸ್ಸು ಗೇರು ಬದಲಿಸುವಾಗ ಕಿವಿಗೆ ಸ್ವರ್ಗ. ಮನೆಯಲ್ಲಾದರೆ ಹಿತ್ತಿಲ ಗೋಡೆ. ಶೆಡ್ಡಿನಲ್ಲಿ ಕಬ್ಬಿಣ ಕೊರೆಯುವಾಗ ಗೋಡೆಗೆ ಬೆನ್ನು ಹಚ್ಚಿ ನಿಂತರೆ ನನ್ನದು ಅದರೊಳಗೆ ಮುಳುಗಿಹೋಗುತ್ತಿತ್ತು.

ಅಲ್ಲೇ ದೊಡ್ಡತ್ತೆಯ ಕಣ್ಣಿಗೆ ಬಿದ್ದೆ.

"ಏನೇ, ದಿನಾ ಆ ಶೆಡ್ಡಿನ ಗೋಡೆಗೆ ಹಲ್ಲಿ ಅಂಟ್ಕೊಂಡಂಗೆ ಅಂಟ್ಕೊಂತೀ? ಯಾರದಾರೆ ಅಲ್ಲಿ?"

"ಯಾರೂ ಇಲ್ಲ ದೊಡ್ಡತ್ತೆ."

"ಆ ಕಟ್ಟುಮೀಸೆಯವನಾ?"

ಶೆಡ್ಡಿನಲ್ಲಿ ಕಟ್ಟುಮೀಸೆಯವನೊಬ್ಬ ಇದ್ದಾನೆಂದು ನನಗೆ ಗೊತ್ತಾದದ್ದೇ ಆಗ. ಇಲ್ಲದ ಮೀಸೆಗೆ ಸಿಕ್ಕಿಹಾಕಿಕೊಳ್ಳುವುದಕ್ಕಿಂತ ಇರುವ ಕಿವಿಯನ್ನೇ ಒಪ್ಪಿಕೊಳ್ಳುವುದು ಮೇಲೆಂದು ನಿಜ ಹೇಳಿಬಿಟ್ಟೆ. ಬೈಗುಳ ಬರುತ್ತದೆಂದು ಕಾದೆ. ದೊಡ್ಡತ್ತೆ ನನ್ನ ಗಲ್ಲ ಹಿಡಿದು ಮುಖ ಮೇಲೆತ್ತಿದಳು.

"ಎಂಥ ಸದ್ದು? ದುಂಬಿ ಇದ್ದಂಗಾ? ಗಂಟೆ ಇದ್ದಂಗಾ? ಶಂಖ ಊದಿದಂಗಾ?"

ಟ್ರಾನ್ಸಿಸ್ಟರು ಅವಳ ಪಟ್ಟಿಯಲ್ಲಿರಲಿಲ್ಲ. "ದುಂಬಿ ಇರಬೇಕು," ಎಂದೆ.

ಅವಳ ಕಣ್ಣುಗಳು ತುಂಬಿದವು. "ನಾದ ಕಣವ್ವಾ ಅದು. ಲಿಂಗದ ಮುಂದೆ ಕೂತು ಕೂತು ಒಳಗೆ ಹುಟ್ಟೋ ನಾದ. ಮೊದಲು ದುಂಬಿ ಬರತೈತೆ, ಆಮೇಲೆ ಬಾಕಿದ್ದು. ನಾನು ಈಟು ವರ್ಷ ಕೂತೆ. ನಂಗೊಂದು ದಿನ ಕೇಳ್ಲಿಲ್ಲ."

ಆಮೇಲೆ ನನಗೆ ದೇವರ ಮನೆ ಖಾಯಂ ಆಯಿತು. ಅದು ಮನೆಯೊಡೆಯರ ಮಹಡಿಗೆ ಹೋಗುವ ಮೆಟ್ಟಿಲಿನ ಕೆಳಗಿದ್ದ ಜಾಗ, ಕಿಟಕಿಯಿಲ್ಲ, ತಲೆ ಎತ್ತಿದರೆ ಮೆಟ್ಟಿಲು ತಾಗುತ್ತದೆ. ಮೊದಲೆಲ್ಲ ನಾನು ಇಷ್ಟಲಿಂಗದ ಪೂಜೆಯನ್ನು ಗಡಿಬಿಡಿಯಲ್ಲಿ ಮುಗಿಸಿ ಓಡುತ್ತಿದ್ದೆ. ಈಗ ದೊಡ್ಡತ್ತೆ ನನ್ನನ್ನು ಒಳಗೆ ಕೂರಿಸಿ, ಸದ್ದು ಗಿದ್ದು ಬಾರದಿರಲೆಂದು ಹೊರಗಿನಿಂದ ಬಾಗಿಲು ಎಳೆದುಕೊಳ್ಳುತ್ತಿದ್ದಳು. ಎಡ ಅಂಗೈಯಲ್ಲಿ ಲಿಂಗ, ಎದುರಿಗೆ ಎಣ್ಣೆಯ ದೀಪ. ಬಸ್ಸಿಲ್ಲ, ಲೇತ್ ಇಲ್ಲ. ಇಡೀ ವಿಜಯನಗರದಲ್ಲಿ ನನ್ನ ಕಿವಿಯ ಸದ್ದು ಅತ್ಯಂತ ದೊಡ್ಡದಾಗಿ ಕೇಳುತ್ತಿದ್ದ ಜಾಗ ಅದೊಂದೇ, ನಾನು ಕೂರಬೇಕಾದ್ದು ಅಲ್ಲೇ. ಉಸಿರು ಬಿಟ್ಟರೆ ಉಸಿರಿನ ಹಿಂದೆ, ಎಂಜಲು ನುಂಗಿದರೆ ಅದರ ಹಿಂದೆ, ಅದು. ಆ ಕೋಣೆಯೊಳಗೆ ನಾನಿದ್ದೆನೋ, ನನ್ನ ತಲೆಯೊಳಗೆ ಆ ಕೋಣೆಯಿತ್ತೋ. ಈ ವಾಕ್ಯ ಚೆಂದವಾಗಿ ಬಂತು, ಆದ್ದರಿಂದ ನಂಬಬೇಡಿ. ಆಗ ನನಗೆ ಅನಿಸಿದ್ದು ಇಷ್ಟೇ: ಆಚೆ ಹೋಗಬೇಕು.

ದೊಡ್ಡತ್ತೆಯ ಬಾಯಿಂದ ಸುದ್ದಿ ಹರಡಿ, ಸೋಮವಾರಗಳಂದು ಅಕ್ಕಪಕ್ಕದ ಹೆಂಗಸರು ಬರತೊಡಗಿದರು. ಮಾರೇನಹಳ್ಳಿ ಕಡೆಯಿಂದ ಒಬ್ಬರು ಹಣ್ಣು ಹಿಡಿದುಕೊಂಡೇ ಬಂದರು.

"ಈಗಲೂ ಕೇಳಿಸ್ತಾ ಇದೆಯೇನಮ್ಮಾ?"

"ಹೂಂ."

ಎಲ್ಲರೂ ಕೈಮುಗಿದರು. ಅವರಲ್ಲೊಬ್ಬರು ಹತ್ತಿರ ಸರಿದು ದನಿ ತಗ್ಗಿಸಿದರು. "ನಮ್ಮ ಹುಡುಗಿ ಮದುವೆ ವಿಷಯ ಏನಾದ್ರೂ ಬರುತ್ತಾ ಅದ್ರಲ್ಲಿ?"

"ಅದು ಮಾತಾಡಲ್ಲ ಆಂಟಿ."

"ಇರ್ಲಿ ಬಿಡು. ಬಂದ್ರೆ ಹೇಳು."

ಇಷ್ಟಾದರೂ ನಾನು ದೊಡ್ಡತ್ತೆಗೆ ಗೊತ್ತಾಗದಂತೆ ಗುಳಿಗೆ ನುಂಗುತ್ತಲೇ ಇದ್ದೆ. ಅವಳಿಗೆ ಬೇಕಾದ ಸದ್ದನ್ನೇ ಕೊಲ್ಲಲು ನುಂಗುತ್ತಿದ್ದೆ. ಮೆಡಿಕಲ್ಲಿಗೆ ಕರೆ ಯಾವತ್ತು ಬೇಕಾದರೂ ಬರಬಹುದಿತ್ತು. ಭಾವ ಒಂದು ದಿನ ಹೊಸ ಮಾತ್ರೆ ತಂದರು, ಬಿಳಿಯದು, ಚಿಕ್ಕದು. ನಿಕೋಟಿನಿಕ್ ಆಸಿಡ್ ಎಂದರು.

"ಬೀಡಿಯೊಳಗಿರತ್ತಲ್ಲ, ಅದಾ?" ಎಂದಳು ಅಮ್ಮ.

"ಅದಲ್ಲ ಅತ್ತೇರೇ, ಇದು ಬಿ ಗುಂಪಿನ ವಿಟಮಿನ್ನು. ಕಿವಿಗೆ ರಕ್ತ ಚೆನ್ನಾಗಿ ಹರಿಯೋ ಹಾಗೆ ಮಾಡತ್ತೆ. ಕಿವಿ ಮೊರೆಯೋದಕ್ಕೆ ದೊಡ್ಡ ದೊಡ್ಡ ಡಾಕ್ಟರುಗಳೇ ಬರೀತಾರೆ."

ನಮ್ಮ ಮನೆಯಲ್ಲಿ ಪೂಜೆ ಮುಗಿಯುವವರೆಗೆ ಯಾರೂ ಬಾಯಿಗೆ ಏನೂ ಹಾಕುವಂತಿರಲಿಲ್ಲ, ಕಾಫಿ ಕೂಡ. ನೀರಿಗೆ ಅಡ್ಡಿಯಿಲ್ಲ, ಔಷಧಿಗೂ ಅಡ್ಡಿಯಿಲ್ಲ. ಪೂಜೆಯಾದ ಮೇಲೆ ಅಡುಗೆಮನೆಯಲ್ಲಿ ದೊಡ್ಡತ್ತೆ ಇರುತ್ತಾಳೆ, ಮಾತ್ರೆ ನುಂಗಿದರೆ ಸಿಕ್ಕಿಬೀಳುತ್ತೇನೆ. ಆದ್ದರಿಂದ ಸ್ನಾನ ಮುಗಿಸಿ, ಬರೀ ಹೊಟ್ಟೆಯಲ್ಲಿ, ಬಚ್ಚಲಲ್ಲೇ ಚೊಂಬಿನ ನೀರಿನ ಜೊತೆ ನುಂಗಿ ದೇವರ ಮನೆಗೆ ಹೋಗುವುದೆಂದು ನಾನು ಮತ್ತು ಅಮ್ಮ ಗೊತ್ತುಮಾಡಿಕೊಂಡೆವು.

ಅದು ಸೋಮವಾರವೇ ಆಗಿತ್ತೆಂದು ನನ್ನ ನೆನಪು. ಆಗಿರಲೇಬೇಕು, ಹೆಂಗಸರು ಹೊರಗೆ ಚಾಪೆಯ ಮೇಲಿದ್ದರು. ಲಿಂಗ ಅಂಗೈಗೆ ಇಟ್ಟುಕೊಂಡು ಸ್ವಲ್ಪ ಹೊತ್ತಾಗಿತ್ತು. ಮೊದಲು ಕಿವಿಯ ತುದಿ ಬಿಸಿಯಾಯಿತು. ಆಮೇಲೆ ಯಾರೋ ಕುತ್ತಿಗೆಯಿಂದ ಮೇಲಕ್ಕೆ ಬಿಸಿನೀರಿನ ಬಟ್ಟೆ ಎಳೆದಂತೆ ಕೆನ್ನೆ, ಹಣೆ, ನೆತ್ತಿ. ಮೈಯೆಲ್ಲ ತುರಿಕೆ. ಎಡಗೈಯಲ್ಲಿ ಲಿಂಗ, ತುರಿಸಿಕೊಳ್ಳುವಂತಿಲ್ಲ. ಸತ್ತುಹೋಗುತ್ತೇನೆ ಎಂದುಕೊಂಡು ಹೇಗೋ ಪೂಜೆ ಮುಗಿಸಿ ಬಾಗಿಲು ತಳ್ಳಿ ಹೊರಗೆ ಬಂದೆ.

ಹೆಂಗಸರು ಎದ್ದು ನಿಂತರು.

"ಅಯ್ಯೋ, ಮುಖ ನೋಡ್ರೀ!"

"ಕೆಂಡ ಆಗಿದೆಯಲ್ಲಾ!"

"ಕಳೆ ಅದು," ಎಂದಳು ದೊಡ್ಡತ್ತೆ, ಬಹಳ ಮೆಲ್ಲಗೆ. "ಕಳೆ ಇಳಿದೈತೆ."

ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹೆಂಗಸರು ಹೋದ ಮೇಲೆ ದೊಡ್ಡತ್ತೆ ಆಡಿದ ಮಾತಿಗೆ ಮಾತ್ರ ನಾನು ಸಿದ್ಧಳಿರಲಿಲ್ಲ.

"ಆ ಟೆಲಿಫೋನಿನ ಕೆಲಸ ಬ್ಯಾಡ ಇವಳಿಗೆ. ದಿನವೆಲ್ಲ ಊರವರ ಮಾತು ಕಿವಿಗೆ ಸುರಕೊಂಡ್ರೆ ನಾದ ಎಲ್ಲಿ ಉಳಿದೀತು? ತಮ್ಮ ಬಂದಾಗ ನಾನೇ ಹೇಳ್ತೀನಿ."

ಅಪ್ಪ ಆ ವಾರದ ಕೊನೆಯಲ್ಲಿ ಬರುವವರಿದ್ದರು.

ಭಾವನನ್ನು ಕೇಳಿದರೆ ಅವರು ಬಿದ್ದು ಬಿದ್ದು ನಕ್ಕರು. "ಆ ಮಾತ್ರೆ ಗುಣವೇ ಅದು ಕಣಮ್ಮಾ! ರಕ್ತ ಚರ್ಮಕ್ಕೆ ನುಗ್ಗತ್ತೆ. ಊಟ ಆದ್ಮೇಲೆ ತಗೋಬೇಕು ಅಂತ ಹೇಳಿರ್ಲಿಲ್ವಾ ನಾನು? ಬರೀ ಹೊಟ್ಟೇಲಿ ನುಂಗಿದ್ರೆ ನಿಮ್ಮ ಮನೆ ಬೆಕ್ಕಿಗೂ ಕಳೆ ಬರತ್ತೆ!"

ಅವರಿಗೆ ನಗು. ನಾನು ಲೆಕ್ಕ ಹಾಕುತ್ತಿದ್ದೆ. ನಿಜ ಹೇಳಿದರೆ ಮಾತ್ರೆ ನಿಲ್ಲುತ್ತದೆ, ಸದ್ದು ಉಳಿಯುತ್ತದೆ, ಅದು ಕಾಯಿಲೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ, ಕಿವಿ ಕೆಟ್ಟ ಹುಡುಗಿಯನ್ನು ಯಾವ ಎಕ್ಸ್‌ಚೇಂಜು ತೆಗೆದುಕೊಳ್ಳುತ್ತದೆ? ಹೇಳದಿದ್ದರೆ ಅದು ನಾದ, ನಾನು ಆ ಮೆಟ್ಟಿಲಿನ ಕೆಳಗೆ ಕೂತಿರುತ್ತೇನೆ, ಸೋಮವಾರಗಳು ಬರುತ್ತಿರುತ್ತವೆ. ಎರಡು ಬಾಗಿಲು, ಎರಡಕ್ಕೂ ಹೊರಗಿನಿಂದ ಚಿಲಕ.

ಮುಂದಿನದಕ್ಕೆ ನನ್ನ ಬಳಿ ಎರಡು ನೆನಪುಗಳಿವೆ. ಒಂದರಲ್ಲಿ ನಾನು ಧೈರ್ಯವಾಗಿ ಹೋಗಿ ದೊಡ್ಡತ್ತೆಯ ಮುಂದೆ ನಿಲ್ಲುತ್ತೇನೆ. ಇನ್ನೊಂದರಲ್ಲಿ ಅವಳು ಹುರುಳಿಕಾಯಿ ಸೋಸುತ್ತಿದ್ದಾಳೆ, ನಾನು ಎದುರಿಗೆ ಕೂತು ಅಳುತ್ತಾ ಏನೇನೋ ಹೇಳುತ್ತಿದ್ದೇನೆ. ಮೊದಲನೆಯದು ನಾನು ಆಮೇಲೆ ಮಾಡಿಕೊಂಡದ್ದು ಎಂದು ಗುಮಾನಿ. ಹೇಳಿದ್ದಂತೂ ನಿಜ. ಅದು ಕಳೆಯಲ್ಲ, ಮಾತ್ರೆ ಎಂದೆ. ನನಗೆ ನಾದ ಬೇಡ, ಕೆಲಸ ಬೇಕು ಎಂದೂ ಅಂದೆ.

ದೊಡ್ಡತ್ತೆ ಸೋಸಿದ ಹುರುಳಿಕಾಯಿಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ಕೈ ಚಾಚಿದಳು.

"ಎಲ್ಲೈತೆ, ನಂಗೂ ಒಂದು ಕೊಡು."

"ದೊಡ್ಡತ್ತೆ, ಉರಿ ಬರತ್ತೆ..."

"ಬರ್ಲಿ. ಕೊಡು."

ಮರುದಿನ ಸ್ನಾನವಾದ ಮೇಲೆ ನನ್ನ ಕಣ್ಣೆದುರಿಗೇ ಅದನ್ನು ನುಂಗಿ ಒಳಗೆ ಹೋದಳು. ಬಾಗಿಲನ್ನು ತಾನೇ ಎಳೆದುಕೊಂಡಳು. ನಾನೂ ಅಮ್ಮನೂ ಹೊರಗೆ ನಿಂತೆವು. ಅಮ್ಮ, "ವಯಸ್ಸಾದವರು ಕಣೇ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ," ಎಂದು ಸೆರಗಿನ ತುದಿ ಕಚ್ಚಿಕೊಂಡಿದ್ದಳು. ಬೇರೆ ದಿನಗಳಿಗಿಂತ ಬಹಳ ಹೊತ್ತಾಯಿತು. ಬಾಗಿಲು ತೆರೆದಾಗ ವಿಭೂತಿ ಹಚ್ಚಿದ ಹಣೆ, ಕೆನ್ನೆ, ಗಂಟಲು ಎಲ್ಲ ಇಟ್ಟಿಗೆಯ ಬಣ್ಣ. ನಿಂತಲ್ಲೇ ಕುತ್ತಿಗೆಯನ್ನು ಪರಪರನೆ ಕೆರೆದುಕೊಂಡಳು.

"ಉರಿ ಬಂತು," ಎಂದಳು.

"ಸದ್ದು?" ಎಂದು ಕೇಳಿದೆ.

ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿತ್ತೆಂದು ಕೆಲವು ಸಲ ಅನಿಸುತ್ತದೆ, ನಾಚಿಕೆಯಿತ್ತೆಂದು ಕೆಲವು ಸಲ. ಅಮ್ಮನ ಕಡೆ ತಿರುಗಿ, "ಕಾಫಿ ಆಗೈತೇನು?" ಎಂದಳು.

ಅಪ್ಪ ಬಂದ ಭಾನುವಾರ ನಾನು ಊಟಕ್ಕೆ ಬಡಿಸುತ್ತಿದ್ದೆ. ಅಪ್ಪ ತಾವಾಗಿಯೇ ಕೇಳಿದರು, "ಅಕ್ಕಾ, ಇವಳ ಕೆಲಸದ ವಿಷಯ ಏನಂತೀಯಾ?" ನನ್ನ ಕೈಯಲ್ಲಿದ್ದ ಸಾರಿನ ಸೌಟು ಅಲ್ಲೇ ನಿಂತಿತು.

"ಹೋಗ್ಲಿ ಬಿಡು," ಎಂದಳು ದೊಡ್ಡತ್ತೆ. "ಮನೇಲಿ ಕೂತು ಏನು ಮಾಡ್ತಾಳೆ?"

ಅಷ್ಟೇ. ಆಮೇಲೆ ಸೋಮವಾರ ಬಂದ ಹೆಂಗಸರಿಗೆ ಅವಳು ಏನು ಹೇಳಿ ಕಳಿಸಿದಳೋ, ಅವರು ಮತ್ತೆ ಬರಲಿಲ್ಲ. ಆ ಮಾತ್ರೆಯ ಸುದ್ದಿಯನ್ನು ಅವಳು ಸಾಯುವವರೆಗೂ ಎತ್ತಲಿಲ್ಲ.

ಮೆಡಿಕಲ್ಲಿನ ದಿನ ಬೆಳಿಗ್ಗೆ ಮಾತ್ರೆ ನುಂಗಿದ್ದೆನೋ ಇಲ್ಲವೋ ಈಗ ಹೇಳಲಾರೆ. ಕೋಣೆ ನೆನಪಿದೆ. ಕಿಟಕಿಗೆ ದಪ್ಪ ಪರದೆ, ಬಾಗಿಲಿಗೆ ಒಳಗಿನಿಂದ ಕಂಬಳಿಯಂಥ ಬಟ್ಟೆ ಬಡಿದಿದ್ದರು. ಬಾಗಿಲು ಹಾಕಿದ ಕೂಡಲೇ ನನ್ನ ಕಿವಿಯ ಕುಂಯ್ ಕೋಣೆಯ ತುಂಬ ತುಂಬಿಕೊಂಡಿತು. ಡಾಕ್ಟರು ದೂರ ನಿಂತು ಪಿಸುಮಾತಿನಲ್ಲಿ ಊರುಗಳ ಹೆಸರು ಹೇಳಿದರು. ಎಲ್ಲವನ್ನೂ ಸರಿಯಾಗಿ ಹೇಳಿದೆ. ಆಮೇಲೆ ಎರಡು ಹಲ್ಲಿನ ಉಕ್ಕಿನ ಶ್ರುತಿಕವೆಯೊಂದನ್ನು ಮೊಣಕೈಗೆ ಬಡಿದು ನನ್ನ ಕಿವಿಯ ಹತ್ತಿರ ಹಿಡಿದರು.

"ಕೇಳ್ತಾ ಇದೆಯಾ?"

"ಕೇಳ್ತಾ ಇದೆ ಸಾರ್."

"ನಿಂತ ತಕ್ಷಣ ಹೇಳಿ."

ಉಕ್ಕು ಹಾಡಿತು, ಸಣ್ಣಗಾಗುತ್ತಾ ಹೋಯಿತು, ಸಣ್ಣಗಾಗುತ್ತಾ ನನ್ನದರ ಮಟ್ಟಕ್ಕೆ ಬಂತು. ಬಂದದ್ದು ಅದರೊಳಗೆ ಸೇರಿಕೊಂಡಿತು. ನಿಲ್ಲುವುದು ಹೇಗೆ? ನನ್ನ ತಲೆಯಲ್ಲಿ ಯಾವುದೂ ನಿಲ್ಲುತ್ತಿರಲಿಲ್ಲ. ಕವೆ ಹಿಡಿದ ಅವರ ಬೆರಳುಗಳನ್ನು ನೋಡಿದೆ, ಏನೂ ತಿಳಿಯಲಿಲ್ಲ. ಅವರು ಕಾಯುತ್ತಿದ್ದರು. ಕವೆಯ ಸದ್ದು ಇದೆ, ಇದೆ, ಇನ್ನೂ ಇದೆ ಎನ್ನುತ್ತಾ ಎಷ್ಟು ಹೊತ್ತು ಕೂರಲಿ? ಬೇಗ ಹೇಳಿದರೆ ಕಿವುಡಿ, ತಡವಾಗಿ ಹೇಳಿದರೆ ಸುಳ್ಳಿ.

"ನಿಂತಿತು ಸಾರ್," ಎಂದೆ.

ಅವರು ಕವೆಯನ್ನು ತಮ್ಮ ಕಿವಿಗೆ ಹಿಡಿದು ನೋಡಿದರು, ತಲೆಯಾಡಿಸಿದರು, ಏನೋ ಬರೆದುಕೊಂಡರು. ತಲೆಯಾಡಿಸಿದ್ದು ಹೌದೆಂದೋ ಅಲ್ಲವೆಂದೋ ಗೊತ್ತಾಗಲಿಲ್ಲ. ಕೆಲಸದ ಆರ್ಡರು ಕೆಲವು ವಾರಗಳಲ್ಲಿ ಮನೆಗೆ ಬಂತು.

ನಿವೃತ್ತಿಯವರೆಗೂ ಅಲ್ಲೇ ಇದ್ದೆ. ಹೆಡ್‌ಸೆಟ್ಟಿನೊಳಗೆ ಊರವರ ಮಾತು, ಅದರ ಕೆಳಗೆ ನನ್ನದು. ಬಿ ಕಾಂಪ್ಲೆಕ್ಸ್ ಗುಳಿಗೆ ಎಷ್ಟೋ ವರ್ಷ ಬಿಡದೆ ನುಂಗಿದೆ. ಅದರಿಂದ ಸದ್ದು ಕೂದಲೆಳೆಯಷ್ಟಾದರೂ ಕಡಿಮೆಯಾಯಿತೇ, ನಾನೇ ಒಗ್ಗಿಕೊಂಡೆನೇ, ಅಳೆಯುವ ದಾರಿ ನನಗೆ ಸಿಗಲಿಲ್ಲ. ಅವತ್ತು ಆ ಕೋಣೆಯಲ್ಲಿ ನಾನು "ನಿಂತಿತು" ಎಂದಾಗ ಆ ಉಕ್ಕು ನಿಜವಾಗಿ ನಿಂತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ.